ಮಂತ್ರಿ, ಮುನಿ, ಕವಿ: ಚಂಪೂಕಾವ್ಯ ಸವಿಯಲು ರಸಿಕರಿಗೊಂದು ಕೈಪಿಡಿ

ಗದ್ಯ, ಪದ್ಯ ಎರಡೂ ಬೆರೆತ ದೀರ್ಘಕಾವ್ಯವೇ ಚಂಪೂ. ಹತ್ತನೆಯ ಶತಮಾನದಲ್ಲಿ ಪಂಪ, ಪೊನ್ನ, ರನ್ನರ ಕೈಯಲ್ಲಿ ಅದು ಕನ್ನಡದ ಎತ್ತರದ ಕಾವ್ಯರೂಪವಾಯಿತು. ಆಶ್ವಾಸಗಳಾಗಿ, ಅಂದರೆ ಅಧ್ಯಾಯಗಳಾಗಿ ಸಾಗುವ ಕಥೆಗೆ ಮುಂಚೆ ಒಂದು ಪೀಠಿಕೆ ಇರುತ್ತದೆ. ಹೊಸ ಓದುಗರು ಅದನ್ನು ಬರೀ ಹೊಗಳಿಕೆಯೆಂದು ಹಾರಿಸಿಬಿಡುವುದುಂಟು. ಆದರೆ ಚಂಪೂವಿನ ಪೂರ್ತಿ ರುಚಿ ಸಿಗುವುದು ಅದನ್ನೂ ಓದಿದಾಗಲೇ. ಕಾವ್ಯ ಬರೆಸಿದ ಅಧಿಕಾರಸ್ಥರು, ಅವರು ಕೈಮುಗಿದ ಮುನಿಗಳು, ಇಬ್ಬರ ಋಣವನ್ನೂ ನೆನೆಯುವ ಕವಿ ಅಲ್ಲಿ ಒಟ್ಟಿಗೆ ಕಾಣಸಿಗುತ್ತಾರೆ.

ಮುದುವೊಳಲಿನ ಕವಿ

ಕಲಿಕೆಗೆ ರನ್ನನೇ ತಕ್ಕ ಮಾದರಿ. ಅವನು 949ರಲ್ಲಿ ಮುದುವೊಳಲಿನಲ್ಲಿ, ಅಂದರೆ ಈಗಿನ ಮುಧೋಳದಲ್ಲಿ ಹುಟ್ಟಿದ. ಆ ಊರು ಆಗ ‘ಜಂಬುಖಂಡಿ ಎಪ್ಪತ್ತು’ ಎಂಬ ಆಡಳಿತ ವಿಭಾಗದಲ್ಲಿತ್ತು. ಆ ಜಂಬುಖಂಡಿಯೇ ಇಂದಿನ ಜಮಖಂಡಿ. ಮನೆತನದ ಕಸುಬು ಬಳೆ ಮಾರಾಟ. ತಾಯಿ ಅಬ್ಬಲಬ್ಬೆ. ಇಷ್ಟೆಲ್ಲ ತಿಳಿದಿರುವುದು ರನ್ನ ತನ್ನ ಬಗ್ಗೆ ತಾನೇ ಬರೆದುಕೊಂಡದ್ದರಿಂದ. ಬಳೆಗಾರರ ಮನೆಯ ಹುಡುಗ ಚಾಲುಕ್ಯ ಚಕ್ರವರ್ತಿ ತೈಲಪನಿಂದ ‘ಕವಿಚಕ್ರವರ್ತಿ’ ಬಿರುದು ಪಡೆಯುವ ಮಟ್ಟಕ್ಕೆ ಬೆಳೆದದ್ದರ ಹಿಂದೆ ಒಬ್ಬ ಮಂತ್ರಿಯ ಆಶ್ರಯವೂ ಒಬ್ಬ ಮುನಿಯ ಪಾಠವೂ ಇವೆ.

ಮಂತ್ರಿಯೂ ಮುನಿಯೂ

ಆ ಮಂತ್ರಿ ಚಾವುಂಡರಾಯ. ಗಂಗ ಅರಸರಾದ ಮಾರಸಿಂಹ ಮತ್ತು ರಾಚಮಲ್ಲರ ಬಳಿ ಮಂತ್ರಿಯಾಗಿ, ಸೇನಾಪತಿಯಾಗಿ ಇದ್ದವನು. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಕಡೆಯಿಸಿದವನೂ ಅವನೇ. ಆ ಮುನಿ ಜೈನಗುರು ಅಜಿತಸೇನಾಚಾರ್ಯ. ಅರಸ ಮಾರಸಿಂಹ, ಮಂತ್ರಿ ಚಾವುಂಡರಾಯ, ಕವಿ ರನ್ನ ಮೂವರಿಗೂ ಅವನೇ ಗುರು. ಮಾರಸಿಂಹ ರಾಜ್ಯ ತೊರೆದು ಬಂಕಾಪುರದಲ್ಲಿ ಸಲ್ಲೇಖನದಿಂದ, ಅಂದರೆ ಉಪವಾಸವ್ರತದಿಂದ ದೇಹ ಬಿಟ್ಟದ್ದು ಈ ಗುರುವಿನ ಸನ್ನಿಧಿಯಲ್ಲಿ.

ಎಲ್ಲವನ್ನೂ ತೊರೆದ ನಿರ್ಗ್ರಂಥ ಮುನಿಗೆ ಭೂಮಿಯಿಲ್ಲ, ಹೊನ್ನಿಲ್ಲ. ಬಸದಿ ಕಟ್ಟಿಸುವುದು, ಓಲೆಗರಿಯ ಮೇಲೆ ಪ್ರತಿ ಮಾಡಿಸುವುದು ಅಧಿಕಾರಸ್ಥರಿಂದ ಆಗಬೇಕಾದ ಕೆಲಸ. ಆಗಮದ, ಅಂದರೆ ಜೈನ ಶಾಸ್ತ್ರದ ಅರಿವು ಮಾತ್ರ ಮುನಿಯಿಂದಲೇ ಬರಬೇಕು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿ ಪ್ರಾಕೃತದಲ್ಲಿ ‘ಗೊಮ್ಮಟಸಾರ’ ರಚಿಸಿದ್ದು ಚಾವುಂಡರಾಯನಿಗಾಗಿ. ಚಾವುಂಡರಾಯ ತಾನೂ ಲೇಖನಿ ಹಿಡಿದು 978ರಲ್ಲಿ ಕನ್ನಡ ಗದ್ಯದಲ್ಲಿ ತೀರ್ಥಂಕರರ ಪುರಾಣ ಬರೆದ.

ಚಾಲುಕ್ಯರ ಕಡೆಯೂ ಇದೇ ನಡೆ ಕಾಣುತ್ತದೆ. ಮಲ್ಲಪ, ಪುನ್ನಮಯ್ಯ ಎಂಬ ಸೋದರರು ತಮ್ಮ ಗುರು ಜಿನಚಂದ್ರದೇವರ ಗೌರವಾರ್ಥ ಪೊನ್ನನಿಂದ ‘ಶಾಂತಿಪುರಾಣ’ ಬರೆಯಿಸಿದರು. ಮಲ್ಲಪನ ಮಗಳು ಅತ್ತಿಮಬ್ಬೆ ಅದರ 1000 ಪ್ರತಿ ಮಾಡಿಸಿ ಹಂಚಿದಳು. ಆಕೆ ತೈಲಪನ ಮಂತ್ರಿ ದಲ್ಲಪನ ಸೊಸೆ. ರನ್ನನಿಂದ 993ರಲ್ಲಿ ‘ಅಜಿತಪುರಾಣ’ ಬರೆಯಿಸಿದವಳೂ ಅವಳೇ.

ಪೀಠಿಕೆ ಓದುವಾಗ ಮೂರು ಸಂಗತಿ ಗಮನಿಸಬೇಕು. ಯಾರ ಹೆಸರು ಮೊದಲು ಬಂದಿದೆ? ಬರೆಸಿದವರ ಯಾವ ಗುಣವನ್ನು ಕವಿ ಎತ್ತಿ ಹಿಡಿದಿದ್ದಾನೆ: ಶೌರ್ಯವನ್ನೋ ದಾನವನ್ನೋ? ತನ್ನ ಹುಟ್ಟು, ಊರು, ಗುರುಗಳ ಬಗ್ಗೆ ಎಷ್ಟು ಹೇಳಿಕೊಂಡಿದ್ದಾನೆ? ಅಧಿಕಾರ ಎಲ್ಲಿ ತಲೆಬಾಗುತ್ತದೆ, ಕವಿ ಎಲ್ಲಿ ತಲೆಯೆತ್ತುತ್ತಾನೆ ಎಂಬುದು ಇದರಿಂದ ತಿಳಿಯುತ್ತದೆ.

ಕಾವ್ಯಲೋಕದೊಳಗೆ ಪೋಷಕ

ತೀರ್ಥಂಕರರ ಚರಿತೆ ಹೇಳುವ ಚಂಪೂ ಆಗಮಿಕ. ಅರಸನನ್ನು ಕಥಾನಾಯಕನೊಂದಿಗೆ ಬೆಸೆಯುವುದು ಲೌಕಿಕ. ಪಂಪ ತನ್ನ ಅರಸ ಅರಿಕೇಸರಿಯನ್ನು ಅರ್ಜುನನಾಗಿಸಿದ. ರನ್ನ ‘ಗದಾಯುದ್ಧ’ದಲ್ಲಿ ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನಾಗಿಸಿದ; ಆ ಕಾವ್ಯಕ್ಕೆ ‘ಸಾಹಸಭೀಮವಿಜಯ’ ಎಂಬ ಇನ್ನೊಂದು ಹೆಸರೂ ಇದೆ. ಭೀಮನ ಮಾತು ಬಂದಲ್ಲೆಲ್ಲ ಸತ್ಯಾಶ್ರಯನ ನೆರಳನ್ನೂ ಕಾಣುವುದು ಓದುಗನ ಮೊದಲ ಅಭ್ಯಾಸವಾಗಬೇಕು.

ಎರಡನೆಯ ಅಭ್ಯಾಸ, ಆ ನೆರಳಿನಾಚೆ ನೋಡುವುದು. ಸಂಜಯನೊಡನೆ ರಣರಂಗ ದಾಟುವ ದುರ್ಯೋಧನ ದ್ರೋಣ, ದುಶ್ಶಾಸನ, ಕರ್ಣರ ಶವಗಳ ಮುಂದೆ ಮರುಗುತ್ತಾನೆ. ಶತ್ರುವಾದ ಅಭಿಮನ್ಯುವಿನ ಶೌರ್ಯವನ್ನೂ ಮೆಚ್ಚುತ್ತಾನೆ. ಪೋಷಕ ಭೀಮನಾಗಿದ್ದರೂ ಕವಿಯ ಕರುಣೆ ದುರ್ಯೋಧನನ ಕಡೆಗೂ ಧಾರಾಳವಾಗಿ ಹರಿದಿದೆ. ಆಶ್ರಯದ ಋಣ ತೀರಿಸುತ್ತಲೇ ಕವಿಧರ್ಮವನ್ನೂ ಉಳಿಸಿಕೊಂಡ ರನ್ನನ ದೊಡ್ಡತನ ಇಲ್ಲಿದೆ.

ಕಿವಿಗೊಟ್ಟು ಓದುವುದು

ಚಂಪೂವನ್ನು ಬಾಯಿಬಿಟ್ಟು ಓದಬೇಕು. ಕಂದಪದ್ಯದಲ್ಲಿ ನಾಲ್ಕು ಸಾಲು: 12, 20, 12, 20 ಮಾತ್ರೆ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಕೇಳಿಸುತ್ತದೆ. ಚುರುಕಿನ ಮಾತಿಗೆ, ಮೂದಲಿಕೆಗೆ ಕಂದ ಚೆನ್ನಾಗಿ ಒದಗುತ್ತದೆ. ಚಂಪಕಮಾಲೆ, ಮತ್ತೇಭವಿಕ್ರೀಡಿತದಂಥ ವೃತ್ತಗಳು ಕೋಪ, ಶೋಕ, ವರ್ಣನೆಗಳಿಗೆ ವಿಸ್ತಾರ ಕೊಡುತ್ತವೆ. ಭಾವ ತೀವ್ರವಾದಾಗ ಗದ್ಯದಿಂದ ಪದ್ಯಕ್ಕೆ ಕವಿ ಹೇಗೆ ಏರುತ್ತಾನೆ ಎಂಬುದನ್ನು ಕಿವಿಯಿಂದಲೇ ಹಿಡಿಯಬೇಕು.

‘ಗದಾಯುದ್ಧ’ದ ಹತ್ತು ಆಶ್ವಾಸಗಳಲ್ಲಿ ಮುಂದೆ ನಡೆಯುವ ಕಥೆ ಯುದ್ಧದ ಕೊನೆಯ ಘಟ್ಟ ಮಾತ್ರ. ಹಿಂದಿನ ಭಾರತವೆಲ್ಲ ಪಾತ್ರಗಳ ನೆನಪಿನಲ್ಲಿ, ಬೈಗುಳದಲ್ಲಿ, ಅಳಲಿನಲ್ಲಿ ಮರಳಿ ಬರುತ್ತದೆ. ಸಿಂಹಾವಲೋಕನವೆಂದು ಹೆಸರಾದ ಕ್ರಮ ಇದೇ.

ಓದಿನ ಕ್ರಮ

‘ಗದಾಯುದ್ಧ’ದ ಗದ್ಯಾನುವಾದವಿರುವ ಆವೃತ್ತಿ ಹಿಡಿದು, ಮೊದಲು ರಣರಂಗದ ಭಾಗವನ್ನು ಓದಬೇಕು. ಬಳಿಕ ದುರ್ಯೋಧನ ಭೀಷ್ಮನನ್ನು ಕಾಣುವ ಸಂದರ್ಭ, ಅವನು ಅಡಗುವ ವೈಶಂಪಾಯನ ಸರೋವರ, ಗದೆಯ ಕಾಳಗ. ಕಥೆ ಮನಸ್ಸಿಗೆ ಹತ್ತಿದ ಮೇಲೆ ಪೀಠಿಕೆಗೆ ಬಂದು, ಅದರ ಪಕ್ಕದಲ್ಲಿ ‘ಅಜಿತಪುರಾಣ’ದ ಅತ್ತಿಮಬ್ಬೆಯ ಪದ್ಯಗಳನ್ನಿಟ್ಟು ನೋಡಬೇಕು. ಒಂದರಲ್ಲಿ ಕತ್ತಿಗೆ, ಇನ್ನೊಂದರಲ್ಲಿ ದಾನಕ್ಕೆ ಒಬ್ಬನೇ ಕವಿ ಸಲ್ಲಿಸಿದ ಗೌರವದ ಭೇದ ತಿಳಿದವರಿಗೆ ಪಂಪ, ಪೊನ್ನರ ಕಾವ್ಯಗಳ ಬಾಗಿಲೂ ತೆರೆಯುತ್ತದೆ.