ಅಂಗಳ ಬಿಟ್ಟು ನದಿಯತ್ತ ತಿರುಗಿದ ಮಠ

ಆಸ್ಟ್ರಿಯಾದ ಮೆಲ್ಕ್ ಮಠವನ್ನು ಆಕ್ಷೇಪಿಸುವುದು ಸುಲಭ. ಬರೆಯುವ ಲೇಖನಿಯನ್ನು ಕೂಡ ತನ್ನದೆನ್ನಬಾರದೆಂದು ಸಂತ ಬೆನೆಡಿಕ್ಟ್ ಕಟ್ಟುಪಾಡು ಮಾಡಿದ ಸಂನ್ಯಾಸಿಗಳಿಗೆ ಡ್ಯಾನ್ಯೂಬ್ ನದಿಯ ಮೇಲಿನ ಬಂಡೆಯಲ್ಲಿ 320 ಮೀಟರ್ ಉದ್ದದ ಈ ಅರಮನೆ ಯಾಕೆ ಎಂದು ಕೇಳಿಬಿಟ್ಟರೆ ಸಾಕು. ಈ ಪ್ರಶ್ನೆಗೆ ಒಂಬೈನೂರು ವರ್ಷ ವಯಸ್ಸಾಗಿದೆ. ಸಿಸ್ಟರ್ಷಿಯನ್ ಪಂಥದ ಬರ್ನಾರ್ಡ್ 12ನೇ ಶತಮಾನದಲ್ಲೇ ಕ್ಲೂನಿ ಮಠದವರ ಮೇಲೆ, ಅವರ ಚರ್ಚುಗಳ ಮಿತಿಮೀರಿದ ಎತ್ತರ ಮತ್ತು ಕಂಬಗಳ ಮೇಲಿನ ವಿಚಿತ್ರ ಪ್ರಾಣಿಗಳ ಕೆತ್ತನೆಯ ಮೇಲೆ ಹರಿಹಾಯ್ದಿದ್ದ. ಅವನ ಸಿಟ್ಟಿನಲ್ಲಿ ಸತ್ಯವಿತ್ತು. ಆದರೂ ಮೆಲ್ಕ್‌ನ ಬಗ್ಗೆ ನನಗಿರುವ ತಕರಾರು ಚಿನ್ನದ್ದಲ್ಲ. ಚಿನ್ನ ಮೇಲೆ ಬಳಿದದ್ದು. ಒಂದು ಪರಂಪರೆ ತನ್ನನ್ನು ತಾನು ಉಳಿಸಿಕೊಂಡಿದೆಯೇ ಎಂಬುದು ಕಟ್ಟಡದ ನಕ್ಷೆಯಲ್ಲಿ ಗೊತ್ತಾಗುತ್ತದೆ.

ಬೆನೆಡಿಕ್ಟ್ 6ನೇ ಶತಮಾನದಲ್ಲಿ ಬರೆದ ನಿಯಮಾವಳಿಯ 73 ಅಧ್ಯಾಯಗಳಲ್ಲಿ ವಾಸ್ತುಶಿಲ್ಪದ ಮಾತು ಇಲ್ಲವೆನ್ನುವಷ್ಟು ಕಡಿಮೆ. ನೀರು, ಬೀಸುವ ಗಿರಣಿ, ಕೈತೋಟ, ಕಸುಬುಗಳೆಲ್ಲ ಸಾಧ್ಯವಾದರೆ ಆವರಣದೊಳಗೇ ಇರಲಿ, ಸಂನ್ಯಾಸಿಗಳು ಹೊರಗೆ ಅಲೆಯುವಂತಾಗದಿರಲಿ ಎಂಬುದಷ್ಟೇ ಅವನ ಕಾಳಜಿ. ಉಳಿದದ್ದೆಲ್ಲ ಹೊತ್ತಿನ ಲೆಕ್ಕ: ಯಾವಾಗ ಪ್ರಾರ್ಥನೆ, ಯಾವಾಗ ದುಡಿಮೆ, ಯಾವಾಗ ಓದು. ಈ ಹೊತ್ತಿನ ಲೆಕ್ಕ ಜಾಗದ ಲೆಕ್ಕವಾಗಿ ಬದಲಾದ ಬಗೆಯನ್ನು ನೋಡಬೇಕಾದರೆ ಸ್ವಿಟ್ಜರ್ಲೆಂಡಿನ ಸಂಕ್ಟ್ ಗಾಲನ್ ಗ್ರಂಥಾಲಯದಲ್ಲಿರುವ ನಕ್ಷೆಯನ್ನು ನೋಡಬೇಕು. ಸುಮಾರು 820ರಲ್ಲಿ ಐದು ಚರ್ಮದ ಹಾಳೆಗಳನ್ನು ಹೊಲಿದು ಬರೆದ ನಕ್ಷೆ ಅದು. ಅದರಂತೆ ಯಾವ ಮಠವನ್ನೂ ಕಟ್ಟಲಿಲ್ಲ. 12ನೇ ಶತಮಾನದಲ್ಲಿ ಯಾರೋ ಸಂನ್ಯಾಸಿ ಅದರ ಹಿಂಬದಿಯಲ್ಲಿ ಸಂತ ಮಾರ್ಟಿನನ ಚರಿತ್ರೆ ಬರೆದ. ಜಾಗ ಸಾಲದೆ ಮುಂಬದಿಯ ಒಂದು ಕಟ್ಟಡದ ಗೆರೆಗಳನ್ನು ಅಳಿಸಿಯೂ ಬಿಟ್ಟ. ನಕ್ಷೆಯಲ್ಲಿ ಕೋಳಿಗೂಡಿದೆ, ಬಿಯರ್ ಮಾಡುವ ಮನೆಯಿದೆ, ಔಷಧಿ ಗಿಡಗಳ ಮಡಿಗಳಿವೆ, ರೋಗಿಗಳ ರಕ್ತ ತೆಗೆಯಲೆಂದೇ ಒಂದು ಮನೆಯಿದೆ. ಇಷ್ಟೆಲ್ಲದರ ನಡುವೆ, ಚರ್ಚಿನ ದಕ್ಷಿಣ ಗೋಡೆಗೆ ಒತ್ತಿಕೊಂಡು, ಸುತ್ತ ಮಾಡು ಹಾಸಿದ ಚೌಕ ಅಂಗಳ. ಮಲಗುವ ಮನೆ, ಊಟದ ಮನೆ, ಉಗ್ರಾಣ ಎಲ್ಲವೂ ಅದರತ್ತಲೇ ಮುಖ ಮಾಡಿವೆ. ನಮ್ಮ ತೊಟ್ಟಿಮನೆಯಲ್ಲಿ ಬೆಳೆದವರಿಗೆ ಈ ಏರ್ಪಾಡನ್ನು ವಿವರಿಸಬೇಕಾಗಿಲ್ಲ: ಮನೆಯ ಮುಖ ಒಳಕ್ಕೆ, ಬೆಳಕು ಬರುವುದು ಮೇಲಿನಿಂದ.

ಬೆನೆಡಿಕ್ಟೈನ್ ವಾಸ್ತುವಿನ ಪ್ರಾಣ ಈ ಅಂಗಳದಲ್ಲಿದೆ. ಶೈಲಿಗಳು ಬಂದು ಹೋದವು. ಕ್ಲೂನಿಯಲ್ಲಿ 1088ರಲ್ಲಿ ಆರಂಭವಾದ ಮೂರನೆಯ ಚರ್ಚು 187 ಮೀಟರ್ ಉದ್ದ ಬೆಳೆಯಿತು. ಫ್ರೆಂಚ್ ಕ್ರಾಂತಿಯ ನಂತರ ಅದನ್ನು ಕಲ್ಲಿಗಾಗಿ ಒಡೆದರು. ಗಾಥಿಕ್ ಶೈಲಿಯ ಮೊದಲ ಬೆಳಕು ಬಿದ್ದದ್ದೂ ಬೆನೆಡಿಕ್ಟೈನರ ಸಂ ದೆನಿ ಮಠದಲ್ಲಿ, 1144ರಲ್ಲಿ ಮುಗಿದ ಗರ್ಭಗೃಹದ ಭಾಗದಲ್ಲಿ. ಶೈಲಿ ಯಾವುದೇ ಇರಲಿ, ಅಂಗಳ ಮಾತ್ರ ನಡುವಿನಿಂದ ಕದಲಿರಲಿಲ್ಲ.

ಮೆಲ್ಕ್‌ಗೆ ಬರೋಣ. 1089ರಲ್ಲಿ ಆಸ್ಟ್ರಿಯಾವನ್ನು ಆಳುತ್ತಿದ್ದ ಎರಡನೆಯ ಲಿಯೋಪೋಲ್ಡ್ ತನ್ನ ಕೋಟೆಯೊಂದನ್ನು ಲಾಂಬಾಖ್‌ನಿಂದ ಬಂದ ಸಂನ್ಯಾಸಿಗಳಿಗೆ ಕೊಟ್ಟ. ಅಂದರೆ ಈ ಮಠ ಕೂತದ್ದೇ ಕೋಟೆಯ ಜಾಗದಲ್ಲಿ, ಸುತ್ತಲ ಸೀಮೆಯ ಮೇಲೆ ಕಣ್ಣಿಡಲು ಆರಿಸಿದ ಬಂಡೆಯ ಮೇಲೆ. 1683ರಲ್ಲಿ ವಿಯೆನ್ನಾದ ಸುತ್ತ ಬಿದ್ದಿದ್ದ ತುರ್ಕರ ಮುತ್ತಿಗೆ ತೆರವಾದ ಮೇಲೆ ಆಸ್ಟ್ರಿಯಾದಲ್ಲಿ ಕಟ್ಟುವ ಉತ್ಸಾಹ ಉಕ್ಕಿತು. 1700ರಲ್ಲಿ, ಮೂವತ್ತರ ಹರೆಯದಲ್ಲೇ ಮಠಾಧಿಪತಿಯಾದ ಬರ್ಟೋಲ್ಡ್ ಡೀಟ್‌ಮಾಯರ್ ಆ ಉತ್ಸಾಹದ ಮನುಷ್ಯ. ಅವನು ಕೆಲಸ ಒಪ್ಪಿಸಿದ್ದು ವಿಯೆನ್ನಾದ ಆಸ್ಥಾನ ಶಿಲ್ಪಿಗಳಿಗಲ್ಲ. ಟಿರೋಲ್ ಬೆಟ್ಟಗಳಿಂದ ಬಂದು ಸಂಕ್ಟ್ ಪೋಲ್ಟನ್ ಊರಿನಲ್ಲಿ ನೆಲೆಸಿದ್ದ ಕಟ್ಟಡದ ಮೇಸ್ತ್ರಿ ಯಾಕೋಬ್ ಪ್ರಾಂಡ್‌ಟೌವರ್‌ಗೆ. 1702ರಲ್ಲಿ ಶುರುವಾದ ಕೆಲಸ 1736ರವರೆಗೆ ನಡೆಯಿತು. 1726ರಲ್ಲಿ ಪ್ರಾಂಡ್‌ಟೌವರ್ ತೀರಿಕೊಂಡಾಗ ಅವನ ಬಂಧು ಯೋಸೆಫ್ ಮುಂಗೆನಾಸ್ಟ್ ಮುಂದುವರಿಸಿದ. 1738ರಲ್ಲಿ ಬೆಂಕಿ ಬಿದ್ದು ಗೋಪುರಗಳನ್ನು ಮತ್ತೆ ಕಟ್ಟಬೇಕಾಯಿತು.

ಪ್ರಾಂಡ್‌ಟೌವರ್ ಎಂಥ ಕಸುಬುದಾರನೆಂಬುದು ದಕ್ಷಿಣದ ಗೋಡೆಯಲ್ಲಿ ತಿಳಿಯುತ್ತದೆ. ಸುಮಾರು 240 ಮೀಟರ್ ಉದ್ದಕ್ಕೆ ಒಂದೇ ಅಳತೆಯ ಕಿಟಕಿಗಳು ಸಾಲು ಹಿಡಿದು ನಡೆಯುತ್ತವೆ. ಕಣ್ಣು ಸೆಳೆಯಲು ನಡುವೆ ಕಂಬಗಳ ಮಂಟಪ ತುರುಕುವ ಆಸೆಯನ್ನು ಆತ ತಡೆದಿದ್ದಾನೆ. ಅದೇ ಗಂಟೆಗೆ ಅದೇ ಪ್ರಾರ್ಥನೆಯನ್ನು ಶತಮಾನಗಟ್ಟಲೆ ಹೇಳುವ ಬಾಳಿಗೆ ತಕ್ಕ ಗೋಡೆ ಇದು. ಇಡೀ ಮಠದಲ್ಲಿ ನಿಯಮಾವಳಿಗೆ ಅತ್ಯಂತ ಹತ್ತಿರವಾಗಿರುವುದು ಈ ಗೋಡೆಯೇ ಎಂದು ನನಗನಿಸುತ್ತದೆ.

ಪಶ್ಚಿಮದ ತುದಿಗೆ ಬಂದರೆ ಮಾತು ಬೇರೆ. ಒಂದು ಬದಿ ಅಮೃತಶಿಲೆಯ ಸಭಾಂಗಣ, ಇನ್ನೊಂದು ಬದಿ ಗ್ರಂಥಾಲಯ; ಎರಡನ್ನೂ ಜೋಡಿಸುವ ಕಟ್ಟಡವನ್ನು ತಗ್ಗಿಸಿ, ಬಾಗಿಸಿ, ನಡುವೆ ದೊಡ್ಡ ಕಮಾನು ತೆರೆದಿದ್ದಾರೆ. ಆ ಕಮಾನಿನ ಹಿಂದೆ ಚರ್ಚಿನ ಜೋಡಿ ಗೋಪುರ, ಅದರಾಚೆ 64 ಮೀಟರ್ ಎತ್ತರದ ಗುಮ್ಮಟ. ಚರ್ಚಿನ ಮುಖ ಪಶ್ಚಿಮಕ್ಕಿರುವುದು ಸಂಪ್ರದಾಯವೇ. ಆದರೆ ಆ ಮುಖದ ಎದುರು ಜನ ನಿಲ್ಲುವ ಬೀದಿಯಿಲ್ಲ. ಇರುವುದು ಬಂಡೆಯ ಅಂಚು, ಕೆಳಗೆ ನೀರು. ಪೂರ್ವದ ಬಾಗಿಲಿನಿಂದ ಒಳಬರುವ ಅತಿಥಿಗೆ ಕಾಣುವುದು ಗುಮ್ಮಟ ಮತ್ತು ಬೆನ್ನು. ಮುಖ ಪೂರ್ತಿ ಕಾಣಬೇಕಾದರೆ ನದಿಯಲ್ಲಿ ದೋಣಿಯಲ್ಲಿರಬೇಕು. ಮೆಲ್ಕ್‌ನಲ್ಲಿ ಅಂಗಳಗಳಿಗೆ ಕೊರತೆಯಿಲ್ಲ, ಆದರೆ ಯಾವುದೂ ಮಠವನ್ನು ಹಿಡಿದು ನಿಲ್ಲಿಸಿಲ್ಲ. ಆ ಕೆಲಸವನ್ನು ಪೂರ್ವದ ಬಾಗಿಲಿನಿಂದ ನದಿಯವರೆಗೆ ಎಳೆದ ನೇರ ಗೆರೆ ವಹಿಸಿಕೊಂಡಿದೆ. ಒಳಕ್ಕೆ ತಿರುಗಿದ್ದ ಮನೆಯನ್ನು ಹೊರಕ್ಕೆ ತಿರುಗಿಸಿದ್ದಾರೆ. ನನ್ನ ತಕರಾರು ಇದೇ.

ಅತಿಥಿ ಸತ್ಕಾರದ ವಿಚಾರದಲ್ಲಿ ಈ ತಿರುವು ಇನ್ನೂ ಸ್ಪಷ್ಟ. ಬಂದವರನ್ನೆಲ್ಲ ಕ್ರಿಸ್ತನೇ ಬಂದಂತೆ ಬರಮಾಡಿಕೊಳ್ಳಬೇಕು, ವಿಶೇಷವಾಗಿ ಬಡವರನ್ನು ಮತ್ತು ಯಾತ್ರಿಕರನ್ನು ಎನ್ನುತ್ತದೆ ನಿಯಮಾವಳಿಯ 53ನೆಯ ಅಧ್ಯಾಯ. ಹೊತ್ತಲ್ಲದ ಹೊತ್ತಿನಲ್ಲಿ ಬರುವ ಅತಿಥಿಗಳಿಂದ ಸಂನ್ಯಾಸಿಗಳ ನೆಮ್ಮದಿ ಕೆಡದಿರಲೆಂದು ಪ್ರತ್ಯೇಕ ಅಡುಗೆಮನೆಯನ್ನೂ ಹೇಳುತ್ತದೆ. ಆ ಅಡುಗೆಮನೆಯ ವಿವೇಕ ಮೆಲ್ಕ್‌ನಲ್ಲಿ 196 ಮೀಟರ್ ಉದ್ದದ ಚಕ್ರವರ್ತಿಗಳ ಓಣಿಯಾಗಿ ಬೆಳೆದಿದೆ. ಗೋಡೆಯ ತುಂಬ ಆಸ್ಟ್ರಿಯಾವನ್ನು ಆಳಿದವರ ಭಾವಚಿತ್ರಗಳು, ಪಕ್ಕದಲ್ಲಿ ಅರಸು ಪರಿವಾರ ಬಂದಾಗ ತಂಗುವ ಕೋಣೆಗಳು. ಬಡ ಯಾತ್ರಿಕನಿಗಾಗಿ ಹುಟ್ಟಿದ ಅಧ್ಯಾಯ ಚಕ್ರವರ್ತಿಯ ಪಾಲಾಯಿತು. ಇದು ಮೆಲ್ಕ್ ಒಂದರ ಚಾಳಿಯೂ ಅಲ್ಲ. ಅದೇ ನದಿಯ ಗುಂಟ ಕೆಳಗಿರುವ ಗೋಟ್ವೈಗ್ ಮಠದ ಮೆಟ್ಟಿಲಮನೆಯ ಚಾವಣಿಯಲ್ಲಿ ಪೌಲ್ ಟ್ರೋಗರ್ 1739ರಲ್ಲಿ ಚಕ್ರವರ್ತಿ ಆರನೆಯ ಚಾರ್ಲ್ಸ್‌ನನ್ನು ಅಪೋಲೋ ದೇವತೆಯಾಗಿ ಚಿತ್ರಿಸಿದ.

ಅಮೃತಶಿಲೆಯ ಸಭಾಂಗಣದಲ್ಲಿ ನಿಜವಾದ ಅಮೃತಶಿಲೆ ಬಾಗಿಲ ಚೌಕಟ್ಟುಗಳಲ್ಲಿ ಮಾತ್ರ ಇದೆ. ಗೋಡೆಗಳದ್ದು ಬಣ್ಣ ಬೆರೆಸಿ ನುಣುಪು ಮಾಡಿದ ಗಾರೆ. ಇದನ್ನು ಮೋಸವೆನ್ನುವವರಿದ್ದಾರೆ. ನಾನು ಹಾಗೆನ್ನಲಾರೆ, ಆ ಗಾರೆಯನ್ನು ಕಲ್ಲಿನ ಹೊಳಪಿಗೆ ತರುವ ಕೈಚಳಕ ಕಲ್ಲು ಕೊಯ್ಯುವುದಕ್ಕಿಂತ ಕಡಿಮೆಯದಲ್ಲ. ಚಾವಣಿಯಲ್ಲಿ ಗಯೆಟಾನೊ ಫಾಂಟಿ ಬರೆದ ಕಂಬ ಕಮಾನುಗಳು ಹೆಚ್ಚುಕಡಿಮೆ ಸಮತಟ್ಟಾದ ಮಾಳಿಗೆಯನ್ನು ಮೇಲಕ್ಕೆತ್ತಿ ತೋರಿಸುತ್ತವೆ. ನಡುವೆ ನಿಂತರೆ ಎಲ್ಲ ನೆಟ್ಟಗೆ. ಗೋಡೆಯ ಹತ್ತಿರ ಸರಿದರೆ ಅವೇ ಕಂಬಗಳು ವಾಲುತ್ತವೆ. ಚಿತ್ರ ನಮಗೆ ನಿಲ್ಲುವ ಜಾಗವನ್ನು ಗೊತ್ತುಮಾಡುತ್ತದೆ. ಅಂಗಳದ ಮೊಗಸಾಲೆಯಲ್ಲಿ ಓದುತ್ತ, ಜಪಿಸುತ್ತ ಸುತ್ತುವವನಿಗೆ ಇಂಥ ಗೊತ್ತಾದ ಜಾಗ ಇರಲಿಲ್ಲ.

ಗ್ರಂಥಾಲಯದ ಮುಂದೆ ಮಾತ್ರ ನನ್ನ ವಾದ ಸ್ವಲ್ಪ ಸಡಿಲಾಗುತ್ತದೆ. ಇಲ್ಲೂ ಪ್ರದರ್ಶನವಿದೆ: ಪುಸ್ತಕಗಳಿಗೆ ಒಂದೇ ಬಗೆಯ ಕಂದು ಚರ್ಮ, ಹೊನ್ನಿನ ಅಕ್ಷರ, ಮೇಲೆ ಟ್ರೋಗರ್‌ನ ಚಿತ್ರ. ಆದರೂ ಓದನ್ನು ದುಡಿಮೆಯ ಸರಿಸಮಕ್ಕೆ ನಿಲ್ಲಿಸಿದ ನಿಯಮಾವಳಿಗೆ ಚರ್ಚಿನ ನಂತರದ ಗೌರವದ ಜಾಗವನ್ನು ಪುಸ್ತಕಕ್ಕೆ ಕೊಡುವುದು ಒಪ್ಪುವ ಮಾತೇ. 1,888 ಹಸ್ತಪ್ರತಿಗಳು ಇಲ್ಲಿವೆ. ಉಂಬೆರ್ಟೊ ಎಕೊ ತನ್ನ ಕಾದಂಬರಿ ‘ದಿ ನೇಮ್ ಆಫ್ ದಿ ರೋಸ್’ನ ನಿರೂಪಕನನ್ನು ಮೆಲ್ಕ್‌ನ ಆಡ್ಸೊ ಎಂದು ಕರೆದದ್ದು ಈ ಕೀರ್ತಿಗೆ ಸಂದ ಗೌರವ. ಆದರೆ ಮಠದ ಬಳಿಯಿದ್ದ ಗುಟೆನ್‌ಬರ್ಗ್ ಬೈಬಲ್ 1920ರ ದಶಕದಲ್ಲಿ ಮಾರಾಟವಾಗಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯ ಸೇರಿತು. ಇಷ್ಟು ದೊಡ್ಡ ಕಟ್ಟಡವನ್ನು ಹೊತ್ತುಕೊಂಡ ಮಠ ಪುಸ್ತಕವನ್ನು ಕಳೆದುಕೊಂಡಿತೆಂಬ ಸಂಗತಿ ನನ್ನನ್ನು ನೋಯಿಸುತ್ತದೆ.

ಹಾಗೆಂದು ಮೆಲ್ಕ್ ಅನ್ನು ಸತ್ತ ವೈಭವವೆಂದು ಬದಿಗಿಡುವಂತಿಲ್ಲ. ಚಕ್ರವರ್ತಿ ಎರಡನೆಯ ಜೋಸೆಫ್ ನೂರಾರು ಮಠಗಳನ್ನು ಮುಚ್ಚಿಸಿದಾಗ ಇದು ಉಳಿಯಿತು, ಶಾಲೆಯಿಂದಾಗಿ, ವಿದ್ವತ್ತಿನಿಂದಾಗಿ. ಶಾಲೆ ಇಂದಿಗೂ ನಡೆಯುತ್ತಿದೆ. ಚರ್ಚಿನ ಬೆನ್ನಿಗಿರುವ ಮಠಾಧಿಪತಿಗಳ ಅಂಗಳದಲ್ಲಿ ಬರೋಕ್ ಕಾಲದ ಭಿತ್ತಿಚಿತ್ರಗಳು ಉಳಿಸಲಾರದಷ್ಟು ಹಾಳಾಗಿದ್ದವು. 1980ರ ದಶಕದಲ್ಲಿ ಅವುಗಳ ನಕಲು ಮಾಡಿಸುವ ಬದಲು ಮಠದವರು ವಿವೇಕ, ನ್ಯಾಯ, ಧೈರ್ಯ, ಸಂಯಮಗಳೆಂಬ ನಾಲ್ಕು ಸದ್ಗುಣಗಳನ್ನು ಆಧುನಿಕ ಕಲಾವಿದರಿಂದ ಹೊಸದಾಗಿ ಬರೆಸಿದರು. ಪ್ರಾಂಡ್‌ಟೌವರ್‌ನ ಶಾಂತ ಗೋಡೆಗಳ ನೆತ್ತಿಯಲ್ಲಿ ಆ ಬಣ್ಣಗಳು ಒರಟಾಗಿವೆ, ಚೆನ್ನಾಗಿ ಕೂತಿವೆ ಎನ್ನಲಾರೆ. ಆದರೆ ಅವು ಅಂಗಳದೊಳಕ್ಕೆ ಮುಖ ಮಾಡಿವೆ, ನದಿಯಿಂದ ಕಾಣುವುದಿಲ್ಲ. ಆ ಕಾರಣಕ್ಕೇ ಅವನ್ನು ಬರೆಸಿದ ನಿರ್ಧಾರವನ್ನು ನಾನು ಮೆಚ್ಚುತ್ತೇನೆ.