ಮೊದಲು ಮಳೆಯ ಲೆಕ್ಕ, ಆಮೇಲೆ ಹಗ್ಗ

ರಿಯೂನಿಯನ್ ದ್ವೀಪಕ್ಕೆ ಅಬ್ಬಿ ಇಳಿಯಲು ಹೊರಟವರು ಮೊದಲು ನಕ್ಷೆ ಕೊಳ್ಳಬೇಕು. ಹಗ್ಗ ಆಮೇಲೆ. ಮಡಗಾಸ್ಕರ್‌ಗೆ ಪೂರ್ವದಲ್ಲಿ, ಹಿಂದೂ ಮಹಾಸಾಗರದಿಂದ ನೇರ ಎದ್ದು ನಿಂತ ಈ ಫ್ರೆಂಚ್ ದ್ವೀಪದ ನೆತ್ತಿ 3,000 ಮೀಟರ್ ದಾಟುತ್ತದೆ. ಜ್ವಾಲಾಮುಖಿಯ ಕಲ್ಲನ್ನು ನೀರು ಕೊರೆದು ಕೊರೆದು ಸುತ್ತಲೂ ಕಮರಿಗಳಾಗಿವೆ. ಹಗ್ಗ ಹಿಡಿದು ಧಾರೆಯ ಮಗ್ಗುಲಲ್ಲೇ ಇಳಿದು, ಮಡು ಈಜಿ, ಮುಂದಿನ ಅಬ್ಬಿಯ ಅಂಚಿಗೆ ಬಂದು ನಿಲ್ಲುವ ಕ್ಯಾನಿಯನಿಂಗ್‌ಗೆ ಇದಕ್ಕಿಂತ ಚಂದದ ಜಾಗವನ್ನು ನಾನಂತೂ ಕಾಣೆ.

ಚಂದಕ್ಕೆ ಕಾರಣ ಮಳೆ, ಅಪಾಯಕ್ಕೂ ಅದೇ. 1966ರ ಜನವರಿಯಲ್ಲಿ ಇಲ್ಲಿನ ಫಾಕ್-ಫಾಕ್‌ನಲ್ಲಿ 24 ಗಂಟೆಗಳಲ್ಲಿ 1,825 ಮಿಲಿಮೀಟರ್ ಸುರಿಯಿತು. ಅಷ್ಟು ಮಳೆ ಬೀಳಲು ಬೆಂಗಳೂರಿಗೆ ಹೆಚ್ಚೂಕಡಿಮೆ ಎರಡು ವರ್ಷ ಬೇಕು. 2007ರ ಗಮೇದ್ ಚಂಡಮಾರುತ ಮೂರು ದಿನಗಳಲ್ಲಿ 3,930 ಮಿಲಿಮೀಟರ್ ಸುರಿಸಿತು. ಎರಡೂ ವಿಶ್ವದಾಖಲೆಗಳು. ಹಾಗಾಗಿ ಹೋಗುವುದಿದ್ದರೆ ಮೇ ತಿಂಗಳಿಂದ ನವೆಂಬರ್ ಒಳಗೆ. ಆಗಲೂ ಆಗ್ನೇಯದ ಗಾಳಿ ಪೂರ್ವದ ಮಗ್ಗುಲನ್ನು ಒಣಗಲು ಬಿಡುವುದಿಲ್ಲ.

ನಕ್ಷೆಯಲ್ಲಿ ನೋಡಬೇಕಾದದ್ದು ನೀವು ಇಳಿಯುವ ಜಾಗದ ಮೇಲ್ಗಡೆ. ಎಷ್ಟು ಅಗಲದ ಕಾಡಿನ ನೀರು ಆ ಸೀಳಿಗೆ ಬಂದು ಸೇರುತ್ತದೆ? ಅಣೆಕಟ್ಟು ಇದೆಯೇ? ನಡುವೆ ದಡ ಹತ್ತಿ ಪಾರಾಗುವ ದಾರಿ ಎಲ್ಲೆಲ್ಲಿದೆ? ಕಮರಿಯ ತಳದಲ್ಲಿ ನಿಂತವರಿಗೆ ಕಾಣುವುದು ಅಂಗೈಯಗಲದ ಆಕಾಶ. ಅಲ್ಲಿ ಬಿಸಿಲಿರುವಾಗಲೇ ಮೇಲಿನ ಕಾಡಿನಲ್ಲಿ ಮಳೆ ಹೊಡೆಯುತ್ತಿರಬಹುದು. ನೀರು ಕದಡಿತು, ಎಲೆ-ಕಡ್ಡಿ ತೇಲಿ ಬಂತು, ಅಬ್ಬಿಯ ಸದ್ದು ದಪ್ಪವಾಯಿತು ಎಂದರೆ ಚರ್ಚೆಗೆ ಹೊತ್ತಿಲ್ಲ, ಎತ್ತರಕ್ಕೆ ಹತ್ತಬೇಕು. ಇಳಿದ ಮೇಲೆ ಹಗ್ಗ ಎಳೆದುಕೊಂಡರೆ ಬಂದ ದಾರಿ ಮುಚ್ಚಿತು. ಆದ್ದರಿಂದ ಎಷ್ಟು ನೀರಿದ್ದರೆ ಇಳಿಯುವುದಿಲ್ಲ ಎಂಬುದನ್ನು ಹಿಂದಿನ ರಾತ್ರಿಯೇ ತಂಡದವರೆಲ್ಲ ಕೂತು ತೀರ್ಮಾನಿಸಿರಬೇಕು.

ಈಗ ಹಗ್ಗ. ಬಂಡೆ ಹತ್ತಿ ಪಳಗಿದವರು ಇಲ್ಲಿ ಕೆಲವು ಅಭ್ಯಾಸ ಬಿಡಬೇಕಾಗುತ್ತದೆ. ಒಣ ಬಂಡೆಯಲ್ಲಿ ಹಗ್ಗದ ತುದಿಗೆ ಗಂಟು ಹಾಕುವುದು ಜೀವ ಉಳಿಸುವ ಪಾಠ. ರಭಸದ ನೀರಿಗೆ ಇಳಿಯುವ ಹಗ್ಗದಲ್ಲಿ ಅದೇ ಗಂಟು ಈಜುವವನನ್ನು ಧಾರೆಯ ಕೆಳಗೆ ಕಟ್ಟಿ ನಿಲ್ಲಿಸುತ್ತದೆ. ಉದ್ದವೂ ಹಾಗೆಯೇ: ತುದಿ ಮಡುವಿನ ನೀರು ಮುಟ್ಟಿದರೆ ಸಾಕು, ಹೆಚ್ಚಾದದ್ದು ಸುಳಿಯಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಮೇಲೆ ಕಟ್ಟಿದ್ದು ಭಾರ ಬಿದ್ದಾಗಲೂ ಸಡಿಲಿಸಲು ಬರುವಂತಿರಬೇಕು. ನಡುವೆ ಯಾರಾದರೂ ಸಿಕ್ಕಿಬಿದ್ದರೆ ಮೇಲಿನವರು ಹಗ್ಗ ಬಿಟ್ಟುಕೊಟ್ಟು ಅವರನ್ನು ಕೆಳಗಿಳಿಸಬಹುದು. ಇದನ್ನು ಕಣ್ಣುಮುಚ್ಚಿ ಮಾಡಬಲ್ಲವರು ತಂಡದಲ್ಲಿ ಇಬ್ಬರಾದರೂ ಇಲ್ಲದಿದ್ದರೆ ನೀರಿರುವ ಕಮರಿಗೆ ಇಳಿಯಲೇಬಾರದು ಎಂಬುದು ನನ್ನ ಖಚಿತ ಮಾತು. ಹಗ್ಗ ಕಟ್ಟಲು ಬಂಡೆಗೆ ಬಡಿದ ಬೋಲ್ಟುಗಳನ್ನೂ ನಂಬಿ ಕೂರಬೇಡಿ. ಹೋದ ಮಳೆಗಾಲದ ಪ್ರವಾಹ ಅವನ್ನು ಬಂಡೆಯ ಸಮೇತ ಕಿತ್ತಿರಬಹುದು. ಪಕ್ಕದ ಮರಕ್ಕೆ ಕಟ್ಟೋಣವೆಂದರೆ, ಅದು ದಪ್ಪವಿದ್ದರೂ ತೆಳುಮಣ್ಣಿನಲ್ಲಿ ಬೇರು ಆಳಕ್ಕಿಳಿದಿರುವುದಿಲ್ಲ.

ಉಷ್ಣವಲಯವೆಂದು ವೆಟ್‌ಸೂಟ್ ಬಿಟ್ಟು ಹೋಗಬೇಡಿ. ಎತ್ತರದ ಕಮರಿಯ ನೀರು ತಾಸೆರಡು ತಾಸಿನಲ್ಲಿ ಕೈಬೆರಳನ್ನು ಮರಗಟ್ಟಿಸುತ್ತದೆ. ಅಬ್ಬಿಯ ಆರ್ಭಟದಲ್ಲಿ ಕೂಗು ಕೇಳದು, ಸೀಟಿಯ ಸನ್ನೆ ಮೊದಲೇ ಗೊತ್ತಿರಲಿ. ಗಾಯವಿದ್ದರೆ ಇಲಿಜ್ವರದ ಭಯವೂ ಉಂಟು, ವೈದ್ಯರನ್ನು ಕೇಳಿಯೇ ಹೊರಡಿ.

ನನ್ನ ಆಯ್ಕೆಯ ಕ್ರಮ ಇದು. ಮೊದಲು ಸಿಲಾಓಸ್‌ನ ಫ್ಲರ್ ಜೋನ್ ಕಮರಿ, ಮಳೆ ಕಡಿಮೆಯಿರುವ ಮಗ್ಗುಲು, ಸ್ಥಳೀಯ ಗೈಡ್ ಜೊತೆ ಹೊಸಬರಿಗೂ ಒಗ್ಗುವಂಥದು. ಕೈ ಪಳಗಿದ ಮೇಲೆ ತಾಕಾಮಾಕಾ ಕಣಿವೆ; ಅಲ್ಲಿ ಜಲವಿದ್ಯುತ್ ಯೋಜನೆ ಇರುವುದರಿಂದ ನೀರು ಬಿಡುವ ವಿಚಾರ ತಿಳಿಯದೆ ಇಳಿಯಬೇಡಿ. ಬೆಲೂವ್ ಕಾಡಿನ ಅಂಚಿನ ತ್ರೂ ದೆ ಫೆರ್ ಕೊನೆಗೆ. 1989ರಲ್ಲಷ್ಟೇ ಮನುಷ್ಯರು ಮೊದಲ ಸಲ ಇಳಿದ ಆ ಮಹಾಕೂಪ ವರ್ಷಗಟ್ಟಲೆ ಪಳಗಿದವರಿಗೆ ಮಾತ್ರ. ಉಳಿದವರು ಕಾಡುದಾರಿಯಲ್ಲಿ ನಡೆದು ಹೋಗಿ ಅಂಚಿನ ಕಟ್ಟೆಯಿಂದ ಅದನ್ನು ನೋಡಬಹುದು. ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನದ ಹೊತ್ತಿಗೆ ಮೋಡ ಮುಚ್ಚಿಬಿಡುತ್ತದೆ.