ಗೆದ್ದವರ ಪಟ್ಟಿ ತಡವಾಗಿ ಬರಲಿ

ನಾರ್ವೆಯಲ್ಲಿ ಪುಟ್ಟ ಮಕ್ಕಳ ಸ್ಕೀ ಓಟ ಮುಗಿದ ಮೇಲೆ ಯಾರು ಮೊದಲು, ಯಾರು ಕೊನೆ ಎಂಬ ಪಟ್ಟಿಯನ್ನು ಅಂಟಿಸುವಂತಿಲ್ಲ. ಮಗುವಿಗೆ 11 ತುಂಬುವ ವರ್ಷ ಬರುವವರೆಗೆ ಫಲಿತಾಂಶ ಪಟ್ಟಿ, ಅಂಕಪಟ್ಟಿ, ರ‍್ಯಾಂಕಿಂಗ್ ಯಾವುದೂ ಕೂಡದೆಂದು ಆ ದೇಶದ ಕ್ರೀಡಾ ಒಕ್ಕೂಟ ನಿಯಮ ಮಾಡಿದೆ. ಮಕ್ಕಳ ಸ್ಪರ್ಧೆಯಲ್ಲಿ ಬಹುಮಾನ ಕೊಡುವುದಾದರೆ ಎಲ್ಲರಿಗೂ ಕೊಡಬೇಕು. ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ 13ನೇ ವರ್ಷದವರೆಗೆ ಕಾಯಬೇಕು. 1987ರಲ್ಲಿ ಬಂದ ಈ ನಿಯಮಗಳ ಜೊತೆಗೆ 2007ರಲ್ಲಿ ಮಕ್ಕಳ ಕ್ರೀಡಾ ಹಕ್ಕುಗಳೂ ಸೇರಿದವು. ಯಾವ ಆಟ ಆಡಬೇಕು, ಎಷ್ಟು ಆಡಬೇಕು, ಸ್ಪರ್ಧೆಗೆ ಇಳಿಯಬೇಕೇ ಬೇಡವೇ ಎಂಬುದರಲ್ಲಿ ಮಗುವಿನ ಮಾತಿಗೂ ಬೆಲೆಯಿದೆ. ಹಾಗೆಂದು ಅಲ್ಲಿ ಸ್ಪರ್ಧೆಯೇ ಇಲ್ಲವೆಂದಲ್ಲ. 6ನೇ ವರ್ಷದಿಂದಲೇ ಊರಮಟ್ಟದ ಪಂದ್ಯಗಳಿವೆ. ಮಕ್ಕಳನ್ನು ಸೋಸುವ ಕೆಲಸವನ್ನು ಮಾತ್ರ ಮುಂದೂಡಲಾಗಿದೆ.

ಮುಂದೂಡಲು ಬಲವಾದ ಕಾರಣವಿದೆ. ಹತ್ತು ಹನ್ನೆರಡರ ವಯಸ್ಸಿನಲ್ಲಿ ಗೆಲ್ಲುವ ಮಗು ಹೆಚ್ಚಾಗಿ ಬೇಗ ಬೆಳೆದ ಮಗು. ಎತ್ತರ ಭರದಿಂದ ಏರುವ ಕಾಲ ಹುಡುಗಿಯರಲ್ಲಿ ಸುಮಾರು 12ಕ್ಕೆ, ಹುಡುಗರಲ್ಲಿ ಸುಮಾರು 14ಕ್ಕೆ ಬರುತ್ತದೆ. ಆದರೆ ಇದು ಸರಾಸರಿಯ ಮಾತು. ಒಂದೇ ತರಗತಿಯಲ್ಲಿ ಕೂರುವ ಇಬ್ಬರು ಹದಿಮೂರರ ಹುಡುಗರಲ್ಲಿ ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬನ ಬೆಳವಣಿಗೆ ಶುರುವೇ ಆಗಿರುವುದಿಲ್ಲ. ಇದರ ಮೇಲೆ ಹುಟ್ಟಿದ ತಿಂಗಳ ಲೆಕ್ಕವೂ ಸೇರುತ್ತದೆ. ಕೆನಡಾದ ಐಸ್ ಹಾಕಿ ತಂಡಗಳಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಹುಟ್ಟಿದವರೇ ಹೆಚ್ಚಿರುವುದನ್ನು ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ 1980ರ ದಶಕದಲ್ಲಿ ತೋರಿಸಿಕೊಟ್ಟರು. ಅಲ್ಲಿ ವಯೋಮಿತಿಯ ಗಡಿ ಜನವರಿ 1. ಹತ್ತು ತಿಂಗಳು ದೊಡ್ಡವನಾದ ಹುಡುಗ ಆಯ್ಕೆಯಾಗುತ್ತಾನೆ, ಒಳ್ಳೆಯ ಕೋಚ್ ಸಿಗುತ್ತಾರೆ, ಹೆಚ್ಚು ಪಂದ್ಯ ಆಡುತ್ತಾನೆ, ನಿಜಕ್ಕೂ ಉತ್ತಮ ಆಟಗಾರನಾಗುತ್ತಾನೆ. ಕೈಬಿಟ್ಟ ಹುಡುಗನಲ್ಲಿ ಏನಿತ್ತು ಎಂಬುದು ಯಾರಿಗೂ ತಿಳಿಯುವುದೇ ಇಲ್ಲ. ಎಳವೆಯ ಆಯ್ಕೆಯ ದೊಡ್ಡ ನಷ್ಟ ಇದೇ.

ಭಾರತದ ಕಿರಿಯರ ಕ್ರಿಕೆಟ್‌ನಲ್ಲಿ ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯ ವಯಸ್ಸನ್ನು ಅಳೆಯುತ್ತಾರೆ. ಸುಳ್ಳು ವಯಸ್ಸು ಹೇಳುವವರನ್ನು ಹಿಡಿಯುವುದು ಅದರ ಉದ್ದೇಶ. ಯಾರ ಬೆಳವಣಿಗೆ ಇನ್ನೂ ಬಾಕಿಯಿದೆ, ಯಾರಿಗಾಗಿ ಇನ್ನೆರಡು ವರ್ಷ ಕಾಯಬೇಕು ಎಂಬುದನ್ನೂ ಅದೇ ಎಕ್ಸ್-ರೇ ಹೇಳಬಲ್ಲದು. ಆ ದೃಷ್ಟಿಯಿಂದ ಅದನ್ನು ಓದುವ ತರಬೇತುದಾರರು ಬೇಕಾಗಿದ್ದಾರೆ.

ಒಂದೇ ಆಟವನ್ನು ವರ್ಷವಿಡೀ ಆಡಿಸುವುದರ ಪೆಟ್ಟು ಮೈಮೇಲೂ ಬೀಳುತ್ತದೆ. ಬೆಳೆಯುವ ಮೂಳೆಯ ತುದಿ ಇನ್ನೂ ಮೃದು. ವೇಗದ ಬೌಲಿಂಗ್ ಮಾಡುವ ಹುಡುಗರ ಸೊಂಟದ ಬೆನ್ನೆಲುಬಿನಲ್ಲಿ ಸಣ್ಣ ಬಿರುಕು ಮೂಡುವುದು, ಓಡಿ ಜಿಗಿಯುವ ಮಕ್ಕಳಿಗೆ ಮಂಡಿಯ ಕೆಳಗೆ ನೋವು ಬರುವುದು ಈ ಕಾಲದಲ್ಲೇ. ಬೇಸಿಗೆ ಶಿಬಿರದ ನೆಟ್ಸ್‌ನಲ್ಲಿ ಒಂದೇ ಬಗೆಯ ಎಸೆತವನ್ನು ನೂರು ಸಲ ಹಾಕಿಸುವುದಕ್ಕಿಂತ ನಾಲ್ಕೈದು ಮಕ್ಕಳ ತಂಡ ಕಟ್ಟಿ, ಚಿಕ್ಕ ಅಂಗಳದಲ್ಲಿ ಆಡಿಸುವುದು ಎಷ್ಟೋ ಮೇಲು. ಪ್ರತಿ ಮಗುವಿನ ಕೈಗೂ ಚೆಂಡು ಮತ್ತೆಮತ್ತೆ ಬರುತ್ತದೆ, ಎಲ್ಲಿಗೆ ಎಸೆಯಬೇಕೆಂದು ಮಗುವೇ ನಿರ್ಧರಿಸಬೇಕಾಗುತ್ತದೆ.

ಹೀಗೆ ಸಡಿಲ ಬಿಟ್ಟರೆ ಪದಕ ಬರುವುದೇ ಎಂಬ ಪ್ರಶ್ನೆ ಸಹಜ. ಸುಮಾರು 55 ಲಕ್ಷ ಜನರ ನಾರ್ವೆ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಗೆದ್ದಿತು. ಅದಕ್ಕೆ ಹಿಮ, ಹಣ, ಪರಂಪರೆಗಳೂ ಕಾರಣ. ಆದರೆ 400 ಮೀಟರ್ ಹರ್ಡಲ್ಸ್‌ಗೆ ಹಿಮದ ನೆರವಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 45.94 ಸೆಕೆಂಡಿನ ವಿಶ್ವದಾಖಲೆಯೊಂದಿಗೆ ಆ ಓಟದ ಚಿನ್ನ ಗೆದ್ದ ನಾರ್ವೆಯ ಕಾರ್ಸ್ಟೆನ್ ವಾರ್ಹೋಮ್ 2013ರಲ್ಲಿ ವಿಶ್ವ ಯೂತ್ ಚಾಂಪಿಯನ್ ಆದದ್ದು ಎಂಟು ಸ್ಪರ್ಧೆಗಳು ಕೂಡಿದ ಆಕ್ಟಥ್ಲಾನ್‌ನಲ್ಲಿ. ಹದಿನೇಳರಲ್ಲೂ ಅವರು ಓಡುತ್ತ, ಜಿಗಿಯುತ್ತ, ಎಸೆಯುತ್ತ ಇದ್ದರು.

ಇದೇ ವಿವೇಕಕ್ಕೆ ಬೆಂಗಳೂರಿನ ರಾಹುಲ್ ದ್ರಾವಿಡ್ ಅವರ ಉದಾಹರಣೆಯೂ ಇದೆ. ಭಾರತದ 19ರೊಳಗಿನವರ ತಂಡದ ಕೋಚ್ ಆಗಿದ್ದಾಗ, ವಯಸ್ಸಿದ್ದರೂ ಒಬ್ಬ ಹುಡುಗ ಒಂದೇ ವಿಶ್ವಕಪ್ ಆಡಬೇಕು ಎಂಬ ನಿಯಮಕ್ಕೆ ಅವರು ಪಟ್ಟು ಹಿಡಿದರು. ಒಮ್ಮೆ ಆಡಿದವನು ಹಿರಿಯರ ಕ್ರಿಕೆಟ್‌ನತ್ತ ನಡೆಯಬೇಕು, ತೆರವಾದ ಜಾಗ ಇನ್ನೊಬ್ಬ ಹುಡುಗನಿಗೆ. ಅನುಭವಿಗಳನ್ನು ಹೀಗೆ ಬಿಟ್ಟುಕೊಟ್ಟ ಭಾರತ 2018ರ ಕಿರಿಯರ ವಿಶ್ವಕಪ್ಪನ್ನು ಗೆದ್ದೂ ಬಂದಿತು.